ಖಾನಾಪುರ ಕಡೆ 24 ಮಕ್ಕಳ ಒಂದು ರಾತ್ರಿಯ ಕಾಡು ಶಿಬಿರ: ಯೋಜನೆ ನೋಡಿ ತಿದ್ದಿಕೊಡಿ

ಮಲಪ್ರಭಾ ದಂಡಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಯುವಕ ಸಂಘವೊಂದರ ಪರವಾಗಿ ಕೇಳುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಶನಿವಾರ ಮಧ್ಯಾಹ್ನದಿಂದ ರವಿವಾರ ಮಧ್ಯಾಹ್ನದವರೆಗೆ ಶಿಬಿರ. 13ರಿಂದ 17 ವರ್ಷದ 24 ಮಕ್ಕಳು (14 ಹುಡುಗರು, 10 ಹುಡುಗಿಯರು), ಜೊತೆಗೆ 6 ಜನ ದೊಡ್ಡವರು.

ಸದ್ಯದ ಯೋಜನೆ ಹೀಗಿದೆ: ಭೀಮಗಡದ ಕಾಡಿನೊಳಗೆ ಹಳ್ಳದ ದಂಡೆ, ಟೊಂಗೆ ಕಡಿದು ಗುಡಿಸಲು, ಕಟ್ಟಿಗೆ ತಿಕ್ಕಿ ಬೆಂಕಿ, ಹಳ್ಳದ ನೀರು ಕಾಯಿಸಿ ಕುಡಿಯುವುದು, ಕಾಡಿನಲ್ಲಿ ಸಿಕ್ಕಿದ್ದನ್ನು ಸ್ವಲ್ಪ ತಿನ್ನುವುದು, ರಾತ್ರಿ ಒಬ್ಬೊಬ್ಬರನ್ನೇ 50 ಮೀಟರ್ ದೂರದಲ್ಲಿ ಎರಡು ತಾಸು ಕೂರಿಸುವುದು. ಯಾವುದು ಇರಲಿ, ಯಾವುದು ಬೇಡ, ಬೇಡ ಅಂದರೆ ಬದಲಿಗೆ ಏನು? ವಿವರವಾಗಿ ಬರೆದರೆ ಉಪಕಾರ.

ಗಡಿಕಲ್ಲು

ಮೊದಲು ಜಾಗ ಬದಲಿಸಿ ಸರ್. ಭೀಮಗಡ 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಬೆಂಕಿಯ ಮಾತಂತೂ ಇಲ್ಲವೇ ಇಲ್ಲ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಅಲ್ಲಿ ಟೊಂಗೆ ಕಡಿದರೂ ಪ್ರಕರಣ ದಾಖಲಾಗುತ್ತದೆ. ಮಕ್ಕಳಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಿಸಲು ಹೊರಟವರು ಕಾಡು ಕಡಿದು ಶುರು ಮಾಡುವುದು ಸರಿಯೂ ಅಲ್ಲ.

ಬದಲಿಗೆ ಖಾನಾಪುರ ತಾಲೂಕಿನಲ್ಲೇ ಭತ್ತ ಕೊಯ್ದು ಮುಗಿದ ಖಾಸಗಿ ಹೊಲ ನೋಡಿ. ಕಾಡಿನ ಅಂಚಿನಿಂದ ಕನಿಷ್ಠ 300 ಮೀಟರ್ ಈಚೆಗಿರಲಿ. ಕಾಡುಕೋಣ, ಕರಡಿ, ಹಂದಿ ರಾತ್ರಿ ಹೊಲಕ್ಕೆ ಇಳಿಯುವುದು ಅಂಚಿನಿಂದಲೇ. ಹೊಲದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ವಲಯ ಅರಣ್ಯ ಕಚೇರಿ, ಪೊಲೀಸ್ ಠಾಣೆ, ಗ್ರಾಮ ಪಂಚಾಯ್ತಿಗೆ ಒಂದೊಂದು ಪತ್ರ ಹೋಗಲಿ: ಎಷ್ಟು ಜನ, ಯಾವ ಸರ್ವೆ ನಂಬರು, ಯಾವಾಗ ಬರುತ್ತೀರಿ, ಯಾವಾಗ ಹೋಗುತ್ತೀರಿ, ಇಬ್ಬರ ಫೋನ್ ನಂಬರು.

ಮಾಲೀಕರನ್ನು ಒಂದು ಪ್ರಶ್ನೆ ತಪ್ಪದೆ ಕೇಳಬೇಕು. ಸುತ್ತಲಿನ ಯಾವ ಹೊಲದಲ್ಲಾದರೂ ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಬಿಡುತ್ತಾರೆಯೇ, ಉರುಳು ಹಾಕುತ್ತಾರೆಯೇ? ಕಾನೂನುಬಾಹಿರವಾದರೂ ಇದು ನಡೆಯುತ್ತದೆ. ಕತ್ತಲಲ್ಲಿ ಮೂತ್ರಕ್ಕೆಂದು ಬದು ದಾಟಿದ ಮಗುವಿಗೆ ಹಾವಿಗಿಂತ ಈ ತಂತಿಯೇ ಹೆಚ್ಚು ಅಪಾಯ. ಹಗಲಿನಲ್ಲೇ ಇಡೀ ಸುತ್ತು ನಡೆದು ನೋಡಿ. ರಾತ್ರಿ ದಾಟಬಾರದ ಗೆರೆಗೆ ಬಿಳಿ ಬಟ್ಟೆ ಪಟ್ಟಿ ಕಟ್ಟಿ.

ತಾಡಪತ್ರಿ

ಗುಡಸಲಾ ಬ್ಯಾಡ್ರಿ. ಒಂದು ರಾತ್ರಿಗೆ ಹುಡುಗೂರು ಕಲೀಬೇಕಾದ್ದು ತಾಡಪತ್ರಿ (ಟಾರ್ಪಾಲಿನ್) ಕಟ್ಟೂದು. ಯಾಕಂದ್ರ ಮಳಿ, ಇಬ್ಬನಿ, ಗಾಳಿ ಮೂರಕ್ಕೂ ಅದ ಆಗತೈತಿ, ಮತ್ತ ಬಿಚ್ಚಿಕೊಂಡು ಹೋದ್ರ ನೆಲದ ಮ್ಯಾಲೆ ಗುರತೂ ಉಳಿಯಂಗಿಲ್ಲ.

12×15 ಅಡಿ ತಾಡಪತ್ರಿ ಒಂದಕ್ಕ ಆರು ಮಂದಿ. 14 ಹುಡುಗರಿಗೆ ಮೂರು, 10 ಹುಡುಗ್ಯಾರಿಗೆ ಎರಡು, ದೊಡ್ಡವರಿಗೆ ಎರಡು. 15 ಅಡಿ ಉದ್ದ ನಡು ಹಗ್ಗದ ಗುಂಟ ಬರಬೇಕು. ನಡು ಹಗ್ಗ 4 ಅಡಿ ಎತ್ತರಕ್ಕ ಕಟ್ಟಿದ್ರ ಕೆಳಗ ಹತ್ತಿರತ್ತಿರ 9 ಅಡಿ ಅಗಲ ಸಿಗತೈತಿ. ಅಡ್ಡಡ್ಡ ಮಲಗಿದ್ರ ತಲಿಗೊಬ್ಬರಿಗೆ ಎರಡೂವರೆ ಅಡಿ. ಗಾಳಿ ಜೋರಿದ್ರ 3 ಅಡಿಗೆ ಇಳಸ್ರಿ.

ನಡು ಹಗ್ಗ 8 ಮಿ.ಮೀ. ದಪ್ಪ, 30 ಅಡಿ ಉದ್ದ. ಒಂದು ತುದಿಗೆ ಬೋಲೈನ್ ಗಂಟು (ಜಾರದ ಕುಣಿಕಿ), ಇನ್ನೊಂದು ತುದಿಗೆ ಟ್ರಕ್ಕರ್ ಹಿಚ್ (ಲಾರಿ ಮ್ಯಾಲೆ ಹೊರಿ ಬಿಗೀತಾರಲ್ಲ, ಅದ). ಮರ ಇಲ್ಲದ ಕಡೆ ಎರಡು ಬಿದಿರ ಗಳಾ ನಿಲ್ಲಿಸಿ, ಹೊರಗ ಗೂಟಕ್ಕ ಜಗ್ಗಿ ಕಟ್ಟಬೇಕು. ನಾಕೂ ಮೂಲಿಗೆ ಟಾಟ್ ಲೈನ್ ಹಿಚ್ ಹಾಕಿದ್ರ ರಾತ್ರಿ ಇಬ್ಬನಿಗೆ ಸಡಲಾದ ಹಗ್ಗಾನ ಗಂಟು ಬಿಚ್ಚದ ಬಿಗಿ ಮಾಡಬಹುದು. ನೈಲಾನ್ ತೋಯ್ದ್ರ ಹಿಗ್ಗತೈತಿ, ಹಂಗಾಗಿ ಮಲಗೂಕಿಂತ ಮೊದಲ ಒಂದು ಸುತ್ತು ಎಲ್ಲಾ ಹಗ್ಗ ಬಿಗೀಬೇಕು.

ಎಲ್ಲಾರೂ ತಪ್ಪೂದು ಎಲ್ಲೆ ಅಂದ್ರ ಕಣ್ಣಿನಾಗ (ತಾಡಪತ್ರಿ ಅಂಚಿನ ತೂತು). ಅಗ್ಗದ ಮಾಲಿನಾಗ ಆ ಉಂಗುರ ಒಂದು ಜಗ್ಗಿಗೆ ಕಿತ್ತು ಬರತೈತಿ. ಅದರ ಬದಲಿ ನಿಂಬಿಹಣ್ಣಿನಷ್ಟು ದುಂಡನ ಕಲ್ಲು ಅಂಚಿನೊಳಗ ಸುತ್ತಿ, ಅದರ ಕುತಗೀಗೆ ಹಗ್ಗ ಕಟ್ರಿ. ಹರಿಯಂಗಿಲ್ಲ.

ಎರಡೂ ತುದಿ ಪೂರ್ತಿ ಮುಚ್ಚಬ್ಯಾಡ್ರಿ. ಆರು ಮಂದಿ ಉಸರು ತಾಡಪತ್ರಿಗೆ ಹತ್ತಿ ನೀರಾಗಿ ನಾಕು ಗಂಟೆ ಸುಮಾರಿಗೆ ಹಾಸಿಗಿ ಮ್ಯಾಲೆ ತೊಟ್ಟಿಕ್ಕತೈತಿ.

ಎರಿಹೊಲ

ತಾಡಪತ್ರಿ ಅಣ್ಣಾರ ಮಾತು ಖರೆ, ಆದ್ರ ಗೂಟದ ಲೆಕ್ಕ ಮಣ್ಣಿನ ಮ್ಯಾಲೆ ಹೋಗತೈತಿ. ಖಾನಾಪುರದ ಕೆಂಪು ಜಂಬಿಟ್ಟಿಗಿ ನೆಲಕ್ಕ 10 ಮಿ.ಮೀ. ಕಬ್ಬಿಣ ಸಳಿಯ 12 ಇಂಚಿನ ಗೂಟ ಸಾಕು. ಇದ ಶಿಬಿರ ವಿಜಯಪುರ ಕಡೆ ಎರಿ (ಕರಿ ಮಣ್ಣಿನ) ಹೊಲದಾಗ ಮಾಡಿದ್ರ ಅದು ನಡಿಯಂಗಿಲ್ಲ. ಒಣಗಿದಾಗ ಗಟ್ಟಿ ಹಿಡೀತೈತಿ, ಒಂದು ಅಡ್ಡಮಳಿ ಬಿದ್ರ ಬೆಣ್ಯಾಗಿಂದ ಜಾರಿ ಬಂದಂಗ ಬರತೈತಿ. ಅಲ್ಲೆ ಗೊಬ್ಬರದ ಖಾಲಿ ಚೀಲದಾಗ ಮಣ್ಣು ತುಂಬಿ, ನಡಬರಕ ಹಗ್ಗ ಕಟ್ಟಿ, ಒಂದೂವರಿ ಅಡಿ ತಗ್ಗಿನಾಗ ಹೂಳಬೇಕು.

ಎರಿ ನೆಲದ ಬಿರುಕಿನಾಗ ಚೇಳು ಇರತಾವು. ಬಿರುಕಿದ್ದ ಕಡೆ ಹಾಸಿಗಿ ಹಾಕಬಾರದು. ಮಳಿ ಬಂದ್ರ ಎರಿ ದಾರ್ಯಾಗ ಗಾಡಿ ಹೂತು ಹೋಗತೈತಿ, ಆಂಬ್ಯುಲೆನ್ಸ್ ಸೈತ. ಹಂಗಾಗಿ ಡಾಂಬರ ರಸ್ತೆದಿಂದ 200 ಮೀಟರಿಗಿಂತ ಒಳಗ ಹೋಗಬ್ಯಾಡ್ರಿ.

ಗಡಿಕಲ್ಲು ಸರ್ ಭತ್ತದ ಹೊಲ ಅಂದ್ರು. ಕೂಳಿ (ಕೊಯ್ದ ಮ್ಯಾಲೆ ಉಳಿದ ಮೋಟು) ಇದ್ರ ನೆಲಹಾಸು ತೂತಾಗತೈತಿ. ಸಲಿಕಿ ತಗೊಂಡು ಸವರಬೇಕು. ರಾಶಿ ಮುಗದ ಕಣ ಇದ್ರ ಭಾಳ ಚಲೋ, ಸಪಾಟ ಇರತೈತಿ. ಆದ್ರ ಕಾಳಿಗೆ ಇಲಿ, ಇಲಿಗೆ ಹಾವು. ಬಣವಿಯಿಂದ 30 ಹೆಜ್ಜಿ ದೂರ ಮಲಗ್ರಿ.

ಕೆಂಪುಬಂಡೆ

ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿ ಗುಡ್ಡದ ಕಡೆ ಯೋಚಿಸುವವರಿಗೂ ಉಪಯೋಗವಾಗಲಿ ಎಂದು ಸೇರಿಸುತ್ತೇನೆ. ಅಲ್ಲಿ ಗೂಟ ಇಳಿಯುವುದೇ ಇಲ್ಲ. ಹಗ್ಗದ ತುದಿಗೆ ಒಂದು ಅಡಿ ಕಟ್ಟಿಗೆ ಕಟ್ಟಿ ನೆಲಕ್ಕೆ ಇಟ್ಟು, ಅದರ ಮೇಲೆ ಹಾಗೂ ಮುಂದೆ ಭಾರವಾದ ಕಲ್ಲು ಪೇರಿಸಬೇಕು. ಮರಳುಗಲ್ಲಿನ ಚೂಪು ಅಂಚು ಹಗ್ಗವನ್ನು ಕೊರೆಯುವುದರಿಂದ ನಡುವೆ ಗೋಣಿತಟ್ಟು ಇಡಿ.

ಬಾದಾಮಿಯ ದೊಡ್ಡ ಬಂಡೆಗಳ ಒಳಬಾಗಿದ ಹೊಟ್ಟೆಗೆ ಹೆಜ್ಜೇನು ಕಟ್ಟುತ್ತದೆ. ಕೆಳಗೆ ಬೆಂಕಿ ಹಾಕಿದರೆ ಹೊಗೆ ಬಂಡೆಗುಂಟ ನೇರ ಮೇಲೇರಿ ಹುಳು ಎದ್ದುಬಿಡುತ್ತವೆ. ಎದ್ದ ಮೇಲೆ ಕೈಬೀಸಬಾರದು, ನೀರಿಗೆ ಹಾರಬಾರದು (ತಲೆ ಎತ್ತುವವರೆಗೂ ಮೇಲೆಯೇ ಕಾಯುತ್ತವೆ). ಮುಖ ಮುಚ್ಚಿಕೊಂಡು ಓಡಿ ವಾಹನದೊಳಗೆ ಸೇರಬೇಕು. ಚುಚ್ಚಿದ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಹಗಲಿನಲ್ಲಿ ಬಂಡೆ ನೋಡಿ ಹುಟ್ಟು ಕಂಡರೆ ಆ ಜಾಗವನ್ನೇ ಬಿಡಿ.

ಇನ್ನು ಹಳ್ಳದ ದಂಡೆ. ಮೂರೂ ಜಿಲ್ಲೆಯ ನದಿಗಳ ಮೇಲೆ ಅಣೆಕಟ್ಟುಗಳಿವೆ: ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಕೃಷ್ಣೆಗೆ ಆಲಮಟ್ಟಿ. ಅವುಗಳ ಕೆಳಗಿನ ನದಿಪಾತ್ರದಲ್ಲಿ ಆಕಾಶ ತಿಳಿಯಾಗಿದ್ದರೂ ರಾತ್ರೋರಾತ್ರಿ ನೀರು ಏರಬಹುದು. ಮರಳು ದಿಬ್ಬ ಎಷ್ಟೇ ಚೆಂದ ಕಂಡರೂ ಅಲ್ಲಿ ಮಲಗಬೇಡಿ.

ನರ್ಸಕ್ಕ

ದಂಡಿ ಅಣ್ಣಾ, ಹಳ್ಳದ ದಂಡೆ ಖಾನಾಪುರದಲ್ಲೂ ಬೇಡ. ಅದಕ್ಕೆ ಚಳಿ ಕಾರಣ. ಡಿಸೆಂಬರ್ ರಾತ್ರಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಹಳ್ಳದಿಂದ ಹತ್ತಿಪ್ಪತ್ತು ಅಡಿ ಎತ್ತರದ ಬದುವಿನ ಮೇಲೆ ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ.

ಮೇಲೆ ಎಷ್ಟು ಹೊದ್ದರೂ ಕೆಳಗಿನ ನೆಲ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒತ್ತಿದಾಗ ಒಂದು ಗೇಣು ಉಳಿಯುವಷ್ಟು ಭತ್ತದ ಹುಲ್ಲು, ಅದರ ಮೇಲೆ ಜಮಖಾನೆ. ಹೊದೆಯಲು ಕುರಿ ಉಣ್ಣೆಯ ಕಂಬಳಿ. ಉಣ್ಣೆ ತೋಯ್ದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ರಜಾಯಿಗೆ ಆ ಗುಣವಿಲ್ಲ. ಹುಲ್ಲಿನ ಧೂಳು ದಮ್ಮಿನ ಮಕ್ಕಳಿಗೆ ಆಗುವುದಿಲ್ಲ. ಅವರಿಗೆ ಫೋಮ್ ಹಾಸಿಗೆ ಕೊಡಿ, ಇನ್‌ಹೇಲರ್ ಚೀಲದಲ್ಲಿ ಅಲ್ಲ, ಜೇಬಿನಲ್ಲೇ ಇರಲಿ.

ಚಳಿ ಹಿಡಿದ ಗುರುತು: ನಡುಕ, ತೊದಲು, ಅಂಗಿಯ ಗುಂಡಿ ಹಾಕಲು ಬಾರದಿರುವುದು. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ, ಎಚ್ಚರವಿದ್ದರೆ ಬಿಸಿ ಬೆಲ್ಲದ ನೀರು ಕೊಡಿ. ಕೈಕಾಲು ತಿಕ್ಕಬೇಡಿ. ನಡುಕ ನಿಂತು ಮಗು ಮಂಕಾದರೆ ವಾಸಿಯಾಯಿತು ಅಂದುಕೊಳ್ಳಬೇಡಿ, ಅದು ಆಸ್ಪತ್ರೆಗೆ ಹೊರಡುವ ಹೊತ್ತು.

ಹಾವಿನ ವಿಷಯ. ನೆಲದ ಮೇಲೆ ಮಲಗಿದವರಿಗೆ ಹೆಚ್ಚು ಅಪಾಯ ಕಟ್ಟುಹಾವಿನಿಂದ. ರಾತ್ರಿ ಓಡಾಡುತ್ತದೆ, ಕಚ್ಚಿದ್ದು ನೋಯುವುದೇ ಕಡಿಮೆ, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವು ಅಂದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಅಜೀರ್ಣ ಎಂದು ಓಮಿನಕಾಳು ಕೊಟ್ಟು ಕೂರಬೇಡಿ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿದರೆ ಸೊಳ್ಳೆ, ಚೇಳು, ಹಾವು ಮೂರಕ್ಕೂ ತಡೆ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಬಳೆ, ಗೆಜ್ಜೆ, ಉಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲಿಗೆ ಮರದ ಪಟ್ಟಿ ಇಟ್ಟು ಅಲುಗದಂತೆ ಮಾಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಸಮಯ ಬರೆದುಕೊಳ್ಳಿ. ಶಿಬಿರದ ಹಿಂದಿನ ದಿನ ಖಾನಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಾವಿನ ವಿಷದ ಚುಚ್ಚುಮದ್ದು ಸಂಗ್ರಹದಲ್ಲಿದೆಯೇ ಕೇಳಿ. ಉಸಿರಾಟದ ಯಂತ್ರ ಬೇಕಾದರೆ ಬೆಳಗಾವಿಗೇ ಹೋಗಬೇಕು, ಖಾನಾಪುರದಿಂದ ಸುಮಾರು 25 ಕಿ.ಮೀ.

ಉಣುಗು ಮರೆಯಬೇಡಿ. ಗಡಿಯಾಚೆ ಗೋವಾದ ಸತ್ತರಿ ಭಾಗದಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕಂಡಿದೆ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಸಂಜೆ ಮತ್ತು ಬೆಳಿಗ್ಗೆ ಕಿವಿ ಹಿಂದೆ, ಕಂಕುಳು, ಸೊಂಟ, ಮೊಣಕಾಲ ಹಿಂದೆ ನೋಡಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಶಿಬಿರ ಮುಗಿದ ಎರಡು ವಾರದೊಳಗೆ ಜ್ವರ ಬಂದರೆ ಕಾಡಂಚಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವಂತೆ ಪಾಲಕರಿಗೆ ಚೀಟಿಯಲ್ಲಿ ಬರೆದುಕೊಡಿ.

ಮಲಪ್ರಭಾ ದಂಡಿ

ಅಕ್ಕಾ, ಪರದೆಯ ವಿಷಯ ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಸೇರಿಸಿದೆವು. ಬೆಂಕಿ ಮತ್ತು ಊಟದ ಬಗ್ಗೆ ಹೇಳಿ. ಬೆಂಕಿಯೇ ಇಲ್ಲದಿದ್ದರೆ ಮಕ್ಕಳಿಗೆ ಬೇಸರವಾಗುತ್ತದೆ ಅನ್ನುವ ವಾದ ನಮ್ಮಲ್ಲಿ ಜೋರಾಗಿದೆ.

ರೊಟ್ಟಿಬುತ್ತಿ

ಬೆಂಕಿ ಇರಲಿ, ಆದರೆ ಹೊಲದ ನಡುವೆ, ಒಂದೇ ಒಂದು. ಮಾಲೀಕರ ಒಪ್ಪಿಗೆ ಇದ್ದರೆ ಮಾತ್ರ. ಸುತ್ತ 3 ಮೀಟರ್ ಕೂಳೆ, ಹುಲ್ಲು ಕೆರೆದು ತೆಗೆಯಿರಿ. ಮೂರು ಕಲ್ಲಿನ ಮೇಲೆ ಕಬ್ಬಿಣದ ಬುಟ್ಟಿ ಇಟ್ಟು ಅದರಲ್ಲೇ ಉರಿಸಿದರೆ ನೆಲ ಸುಡುವುದಿಲ್ಲ. ಪಕ್ಕದಲ್ಲಿ 20 ಲೀಟರ್ ನೀರು ಇದಕ್ಕೆಂದೇ ಇರಬೇಕು. ಹುಲ್ಲು ಹಾಸಿದ ತಾಡಪತ್ರಿಗಳಿಂದ ಕನಿಷ್ಠ 20 ಮೀಟರ್ ದೂರ, ಗಾಳಿ ಬೀಸುವ ದಿಕ್ಕಿಗೆ ತಾಡಪತ್ರಿ ಇರಬಾರದು.

ಕಟ್ಟಿಗೆ ತಿಕ್ಕಿ ಬೆಂಕಿ ಮಾಡುವುದು ಒಂದು ಸಂಜೆಯಲ್ಲಿ ಬರುವ ವಿದ್ಯೆಯಲ್ಲ. ಅಂಗೈ ಬೊಬ್ಬೆ ಬಂದು ಮಕ್ಕಳು ಕೈಬಿಡುತ್ತಾರೆ. ಕಿಡಿ ಕಡ್ಡಿ (ಫೆರೊ ರಾಡ್) ಕೊಡಿ. ಹತ್ತಿ ಉಂಡೆಗೆ ವ್ಯಾಸಲೀನ್ ಸವರಿ, ಮತ್ತೆ ಸ್ವಲ್ಪ ಬಿಡಿಸಿ ಎಳೆ ಎದ್ದಂತೆ ಮಾಡಿದರೆ ಕಿಡಿ ಹಿಡಿದು ಮೂರ್ನಾಲ್ಕು ನಿಮಿಷ ಉರಿಯುತ್ತದೆ. ಪೂರ್ತಿ ಅದ್ದಿಬಿಟ್ಟರೆ ಕಿಡಿ ಹಿಡಿಯುವುದಿಲ್ಲ. ಆಮೇಲೆ ಕಡ್ಡಿ ಗಾತ್ರದ ಪುಳ್ಳೆ, ಪೆನ್ಸಿಲ್ ಗಾತ್ರ, ಹೆಬ್ಬೆರಳು ಗಾತ್ರ. ಈ ಮೂರನ್ನೂ ಮೊದಲೇ ಬೇರೆ ಬೇರೆ ಗುಡ್ಡೆ ಹಾಕಿಟ್ಟುಕೊಳ್ಳದೆ ಕಿಡಿ ಹಾರಿಸಬಾರದು. ಹೆಚ್ಚಿನ ಬೆಂಕಿ ನಂದುವುದು ನಡುವಿನ ಗಾತ್ರ ಸಾಲದೇ. ಒಣ ಕುಳ್ಳು (ಬೆರಣಿ) ಒಂದೆರಡು ಇಟ್ಟರೆ ಕೆಂಡ ತಾಸುಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ಆರಿಸುವಾಗ ಕುಳ್ಳನ್ನು ಒಡೆದು ನೀರಲ್ಲಿ ಮುಳುಗಿಸಬೇಕು. ಬೂದಿ ಕಲಕಿ, ಮತ್ತೆ ನೀರು ಹಾಕಿ, ಅಂಗೈ ಹಿಂಬದಿ ಹಿಡಿದಾಗ ಬಿಸಿ ತಾಕಬಾರದು.

ಉರಿಸಬಾರದ ಕಟ್ಟಿಗೆ: ಕಣಗಿಲೆ, ಕಳ್ಳಿ, ಕೇರು. ಕೇರಿನ ರಸ ತಾಗಿದರೆ ಮೈ ಗುಳ್ಳೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬೇಲಿಯಲ್ಲಿ ನಸುಗುನ್ನಿ ಕಾಯಿ (ಅದರ ರೋಮ ತಾಗಿದರೆ ವಿಪರೀತ ತುರಿಕೆ) ಈ ಕಾಲಕ್ಕೆ ಒಣಗಿ ಜೋತಿರುತ್ತದೆ, ಪುಳ್ಳೆ ಆರಿಸುವ ಮಕ್ಕಳಿಗೆ ಮೊದಲೇ ತೋರಿಸಿ.

ಕಾಡಿನಲ್ಲಿ ಸಿಕ್ಕಿದ್ದು ತಿನ್ನುವ ಯೋಚನೆ ಪೂರ್ತಿ ಬಿಡಿ. ಒಂದು ರಾತ್ರಿ ಊಟವಿಲ್ಲದಿದ್ದರೂ ಆರೋಗ್ಯವಂತ ಮಗುವಿಗೆ ಏನೂ ಆಗುವುದಿಲ್ಲ, ತಪ್ಪು ಬೀಜ ತಿಂದರೆ ಆಗುತ್ತದೆ. ಕಾಡುಹರಳಿನ ಬೀಜ ಶೇಂಗಾದಂತೆ ರುಚಿ ಎಂದು ಮಕ್ಕಳು ತಿಂದು ಆಸ್ಪತ್ರೆ ಸೇರುವುದು ಹಳ್ಳಿಗಳಲ್ಲಿ ಗೊತ್ತಿರುವ ಸಂಗತಿ. ಗುಲಗಂಜಿ, ದತ್ತೂರಿ, ಹರಳು ಗುರುತಿಸಲು ಕಲಿಸಿ, ತಿನ್ನದಿರಲು ಕಲಿಸಿ. ಎಲ್ಲರಿಗೂ ಗೊತ್ತಿರುವ ಬಾರಿಹಣ್ಣು, ಬೆಟ್ಟದ ನೆಲ್ಲಿ ಸಿಕ್ಕರೆ ಹೊಲದವರನ್ನು ಕೇಳಿ ತಿನ್ನಲಿ.

ಊಟಕ್ಕೆ ನಮ್ಮ ಕಡೆಯ ಬುತ್ತಿಯೇ ಸಾಕು. ತಲೆಗೆ 4 ಖಡಕ್ ರೊಟ್ಟಿಯಂತೆ 120, ಶೇಂಗಾ ಹಿಂಡಿ 1 ಕಿಲೋ, ಗುರೆಳ್ಳು ಪುಡಿ ಅರ್ಧ ಕಿಲೋ, ಉಳ್ಳಾಗಡ್ಡಿ 3 ಕಿಲೋ, ಬೆಳಿಗ್ಗೆಗೆ ಅವಲಕ್ಕಿ ಎರಡೂವರೆ ಕಿಲೋ, ಬೆಲ್ಲ ಒಂದೂವರೆ ಕಿಲೋ. ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ, ಡಬ್ಬಿಯಲ್ಲಿ ಒಯ್ಯಿರಿ. ಅನ್ನ ಮಾಡಿದರೆ ರಾತ್ರಿಯೇ ಮುಗಿಯಲಿ, ಉಳಿದದ್ದನ್ನು ಬೆಳಿಗ್ಗೆ ಚಿತ್ರಾನ್ನ ಮಾಡಬೇಡಿ.

ನೀರು ತಲೆಗೆ 4 ಲೀಟರ್, ಅಂದರೆ 30 ಜನರಿಗೆ 120 ಲೀಟರ್, 20 ಲೀಟರಿನ 6 ಕ್ಯಾನು. ಕೈಕಾಲು, ಪಾತ್ರೆಗೆ ಇನ್ನೂ ಮೂರು. ಶುದ್ಧ ಮಾಡುವ ಪಾಠಕ್ಕೆ ಪ್ರತಿ ಗುಂಪು ಹಳ್ಳದಿಂದ 2 ಲೀಟರ್ ತರಲಿ: ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಕ್ಲೋರಿನ್ ಗುಳಿಗೆಯಾದರೆ ಪೊಟ್ಟಣದಲ್ಲಿ ಬರೆದ ಅಳತೆ, 30 ನಿಮಿಷ. ಕದಡಿದ ನೀರಲ್ಲಿ ಗುಳಿಗೆಯ ಶಕ್ತಿ ಮಣ್ಣಿಗೇ ಖರ್ಚಾಗುವುದರಿಂದ ಸೋಸದೆ ಹಾಕಬಾರದು. ಕಬ್ಬಿನ ಗದ್ದೆಯ ಬಸಿಗಾಲುವೆಯ ನೀರು ಮಾತ್ರ ಮುಟ್ಟಬೇಡಿ. ಔಷಧಿ, ಗೊಬ್ಬರ ಕುದಿಸಿದರೂ ಹೋಗುವುದಿಲ್ಲ.

ಸೀಟಿ

ರಾತ್ರಿ ಒಬ್ಬೊಬ್ಬರನ್ನೇ ಎರಡು ತಾಸು ಕೂರಿಸುವುದಕ್ಕೆ ನನ್ನ ಸ್ಪಷ್ಟ ವಿರೋಧ. 24 ಕಡೆ 24 ಮಕ್ಕಳು ಕತ್ತಲಲ್ಲಿದ್ದರೆ ಆರು ದೊಡ್ಡವರು ಯಾರನ್ನೂ ನೋಡಿಕೊಳ್ಳಲಾರರು. ಹೆದರಿದ ಮಗು ಎದ್ದು ಓಡುವುದು ಬೆಳಕು ಕಂಡ ಕಡೆಗೆ, ಅದು ಪಕ್ಕದ ಊರಿನ ಬೆಳಕೂ ಆಗಿರಬಹುದು. ಜೋಡಿಯಾಗಿ, ಹೊಲದೊಳಗೇ, 15 ಮೀಟರ್ ಅಂತರದಲ್ಲಿ, 20 ನಿಮಿಷ, ಬ್ಯಾಟರಿ ಆರಿಸಿ. ಅಷ್ಟರಲ್ಲೇ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ಮಕ್ಕಳಿಗೆ ಬೇಕಾದ ಧೈರ್ಯವೂ ಬರುತ್ತದೆ.

ಈ ಶಿಬಿರದಲ್ಲಿ ಒಂದೇ ವಿದ್ಯೆ ಕಲಿಸಲು ಹೊತ್ತಿದೆ ಎಂದಾದರೆ ಅದು ದಾರಿ ತಪ್ಪಿದಾಗ ನಿಂತಲ್ಲೇ ನಿಲ್ಲುವುದು. ಉಳಿದವೆಲ್ಲ ಅದರ ನಂತರ. ನಡೆದಷ್ಟೂ ಹುಡುಕುವವರ ಸುತ್ತಳತೆ ದೊಡ್ಡದಾಗುತ್ತದೆ. ಒಂದು ಮರದ ಬುಡ ಹಿಡಿದು ಕೂತು, ಮೂರು ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು ಕೇಳಿ, ಮತ್ತೆ ಮೂರು. ಸುಮ್ಮನಿರುವುದನ್ನು ಮಕ್ಕಳು ಬಿಟ್ಟುಬಿಡುತ್ತಾರೆ, ಆಗ ಹುಡುಕುವವರ ಕೂಗು ಅವರಿಗೇ ಕೇಳುವುದಿಲ್ಲ. ಸೀಟಿ ಕೊರಳಲ್ಲೇ ಇರಬೇಕು, ಒಳಗೆ ಉಂಡೆ ಇಲ್ಲದ ಪ್ಲಾಸ್ಟಿಕ್ ಸೀಟಿ ಒದ್ದೆಯಾದರೂ ಊದುತ್ತದೆ. ತಮಾಷೆಗೆ ಮೂರು ಊದಿದರೆ ಆಟ ಅಲ್ಲೇ ನಿಲ್ಲುತ್ತದೆ ಎಂಬ ನಿಯಮ ಮೊದಲ ತಾಸಿನಲ್ಲೇ ಹೇಳಿ.

ಪ್ರತಿ ಮಗುವಿನ ಬಳಿ: ಸೀಟಿ, ಬ್ಯಾಟರಿ, 1 ಲೀಟರ್ ನೀರು, ಎರಡು ಚಿಕ್ಕಿ, ಮನೆಯ ನಂಬರಿನ ಚೀಟಿ, ದಾರಿ ತಪ್ಪಿದಾಗ ತಲೆಯಿಂದ ಮೈಮೇಲೆ ಹಾಕಿಕೊಳ್ಳಲು ಕಿತ್ತಳೆ ಅಥವಾ ಹಳದಿ ಬಣ್ಣದ ದೊಡ್ಡ ಪ್ಲಾಸ್ಟಿಕ್ ಚೀಲ. ಚೀಲದ ಮುಚ್ಚಿದ ತುದಿಯ ಒಂದು ಮೂಲೆಯ ಕೆಳಗೆ ಮುಖ ಹೊರಬರುವಷ್ಟು ತೂತು ಮನೆಯಲ್ಲೇ ಕತ್ತರಿಸಿರಬೇಕು. ತೂತಿಲ್ಲದ ಚೀಲ ತಲೆಗೆ ಹಾಕುವುದು ಉಸಿರಿಗೆ ಅಪಾಯ.

ಕಾವಲು ರಾತ್ರಿ 10ರಿಂದ 6ರವರೆಗೆ ಎರಡೆರಡು ತಾಸು, ಪ್ರತಿ ಸರದಿಗೆ ಇಬ್ಬರು. ನಾಲ್ಕು ಸರದಿಗೆ ಎಂಟು ಜನ ಬೇಕು, ನಿಮ್ಮಲ್ಲಿ ಆರು. ಅದರಲ್ಲೂ ಗಾಡಿ ಓಡಿಸುವವರನ್ನು ಕಾವಲಿಗೆ ಹಾಕಬಾರದು, ಅವರು ನಿದ್ದೆ ಮಾಡಲೇಬೇಕು. ಇನ್ನೂ ಮೂವರನ್ನು ಸೇರಿಸಿಕೊಳ್ಳಿ. ಹುಡುಗಿಯರಿದ್ದಾರೆ, ಕನಿಷ್ಠ ಮೂವರು ಹೆಂಗಸರಿರಲಿ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು, ಇದಕ್ಕೆ ವಿನಾಯಿತಿ ಇಲ್ಲ. ಗಾಡಿಯ ಮುಖ ರಸ್ತೆ ಕಡೆಗೆ, ಕೀಲಿ ಎಲ್ಲಿದೆ ಎಂದು ಎಲ್ಲ ದೊಡ್ಡವರಿಗೂ ಗೊತ್ತಿರಲಿ. ಯಾವ ಬದುವಿನ ಮೇಲೆ ಫೋನ್ ಸಿಗ್ನಲ್ ಸಿಗುತ್ತದೆ ಎಂಬುದನ್ನು ಹಗಲಲ್ಲೇ ಗುರುತಿಟ್ಟು, 108 ಮತ್ತು 112ಕ್ಕೆ ಹೇಳಬೇಕಾದ ವಿಳಾಸವನ್ನು ಕಾಗದದಲ್ಲಿ ಬರೆದಿಡಿ.

ಧ್ರುವ

ದಿಕ್ಕಿನ ಪಾಠಕ್ಕೆ ಎರಡು ಮಾತು. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ನಿಂತ ಜಾಗದ ಅಕ್ಷಾಂಶದಷ್ಟೇ. ಖಾನಾಪುರದಲ್ಲಿ ಸುಮಾರು 15.6 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅಂದರೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಅಷ್ಟೇ. ಉತ್ತರಕ್ಕೆ ಗುಡ್ಡ ಅಥವಾ ಮರಗಳಿದ್ದರೆ ಕಾಣುವುದೇ ಇಲ್ಲ. ಡಿಸೆಂಬರ್ ಸಂಜೆ ಸಪ್ತರ್ಷಿಯೂ ಮೇಲಿರುವುದಿಲ್ಲ. ಆಗ ಮಹಾವ್ಯಾಧನ (ಒರಾಯನ್ ನಕ್ಷತ್ರಪುಂಜ) ನಡುಪಟ್ಟಿಯ ಮೂರು ನಕ್ಷತ್ರ ನೆಚ್ಚಿಕೊಳ್ಳಿ: ಅವು ಹುಟ್ಟುವುದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ.

ಹಗಲಲ್ಲಿ ಮೂರು ಅಡಿ ಕೋಲು ನೆಟ್ಟು ನೆರಳಿನ ತುದಿ ಗುರುತಿಸುತ್ತಾ ಹೋಗಿ. ಅತಿ ಚಿಕ್ಕ ನೆರಳು ಬೀಳುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಹೊತ್ತಿಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಳಗಾವಿ ಇರುವುದು 74.5ರಲ್ಲಿ, ಡಿಗ್ರಿಗೆ 4 ನಿಮಿಷ. ಡಿಸೆಂಬರ್‌ನಲ್ಲಿ ಆ ನೆರಳು ಉತ್ತರಕ್ಕೇ ಬೀಳುತ್ತದೆ. ಮೇ ತಿಂಗಳ ಶಿಬಿರಕ್ಕೆ ಇದೇ ಪಾಠ ಒಯ್ಯಬೇಡಿ, ಆಗ ಸೂರ್ಯ ನೆತ್ತಿಗೆ ಬಂದು ಉತ್ತರಕ್ಕೂ ದಾಟಿರುತ್ತಾನೆ.

ಮಲಪ್ರಭಾ ದಂಡಿ

ಎಲ್ಲರಿಗೂ ಧನ್ಯವಾದ. ಜಾಗ ಬದಲಿಸುತ್ತೇವೆ, ಒಂಟಿ ಕೂರಿಸುವುದು ಕೈಬಿಟ್ಟೆವು. ಉಳಿದದ್ದು ಎರಡೇ ಪ್ರಶ್ನೆ: ಶೌಚಕ್ಕೆ ಏನು ವ್ಯವಸ್ಥೆ? ಅಷ್ಟು ಹುಲ್ಲನ್ನು ಆಮೇಲೆ ಏನು ಮಾಡುವುದು?

ಗಡಿಕಲ್ಲು

ಹೊಲದ ಮನೆಯಲ್ಲಿ ಶೌಚಾಲಯ ಇದ್ದರೆ ಹುಡುಗಿಯರಿಗೆ ಅದನ್ನೇ ಕೇಳಿಕೊಳ್ಳಿ. ಇಲ್ಲದಿದ್ದರೆ ಹಳ್ಳ, ಬಾವಿಯಿಂದ 60 ಮೀಟರ್ ದೂರದಲ್ಲಿ ಒಂದಡಿ ಅಗಲ, ಎರಡಡಿ ಆಳದ ಎರಡು ಪ್ರತ್ಯೇಕ ಕಾಲುವೆ, ಸುತ್ತ ತಾಡಪತ್ರಿ ಮರೆ, ಪಕ್ಕದಲ್ಲಿ ಅಗೆದ ಮಣ್ಣು ಮತ್ತು ಸಲಿಕೆ, ಹೊರಗೆ ನೀರು, ಸೋಪು. ಹೋಗುವ ದಾರಿಗುಂಟ ಬಿಳಿ ಹಗ್ಗ ಕಟ್ಟಿ. ಸ್ಯಾನಿಟರಿ ಪ್ಯಾಡಿಗೆ ಮುಚ್ಚಳದ ಡಬ್ಬಿ ಇಟ್ಟು ವಾಪಸ್ ಒಯ್ಯಿರಿ, ಹೂಳಬೇಡಿ.

ಎರಿಹೊಲ

ಹುಲ್ಲು ಬಣವಿಯಿಂದ ಹಗಲ ಹೊತ್ತಿನಾಗ, ಉದ್ದನ ಕೋಲಿನಿಂದ ಎಳೀರಿ, ಕೈ ಹಾಕಬ್ಯಾಡ್ರಿ. ಬಿಸಲಾಗ ಹರವಿ ಕೊಡವಿ ಆಮ್ಯಾಲೆ ಹಾಸ್ರಿ. ಮರುದಿನ ಮತ್ತ ಹರವಿ ಇಬ್ಬನಿ ಆರಿಸಿ ಮಾಲಕರಿಗೆ ತಿರುಗಿ ಕೊಡ್ರಿ, ದನಕ್ಕ ಆಗತೈತಿ. ಹಸಿ ಹುಲ್ಲು ಬಣವಿಗೆ ಒಟ್ಟಿದ್ರ ಬೂಸರ ಬರತೈತಿ. ಕೊಡೂಕಿಂತ ಮೊದಲ ಆರಾರು ಹುಡುಗೂರು ಸಾಲಾಗಿ ಕುಂತು ಪೂರಾ ಹುಲ್ಲು ಕೈಯಾಡಿಸಿ ನೋಡಬೇಕು. ಪಿನ್ನು, ಹಗ್ಗದ ತುಂಡು, ಚಿಕ್ಕಿ ಕಾಗದ ಒಂದೂ ಉಳೀಬಾರದು. ತಂತಿ ತುಂಡು ಎತ್ತಿನ ಹೊಟ್ಟಿಗೆ ಹೋದ್ರ ಎದಿತನಕ ಚುಚ್ಚಿಕೊಂಡು ಹೋಗತೈತಿ. ಈ ಕೆಲಸಕ್ಕ ರವಿವಾರ ಮುಂಜಾನೆ ಒಂದು ತಾಸು ಬ್ಯಾರೆ ಇಟ್ಟುಕೊಳ್ರಿ.